ಅತಿಥಿಗೆ ತೋರಿಸುವ ಬಿಜಾಪುರ

ಸಮ್ಮೇಳನದ ಆಮಂತ್ರಣ ಪತ್ರಿಕೆಯನ್ನು ಕೊನೆಯ ಪುಟದವರೆಗೆ ಓದುವವರು ಕಡಿಮೆ. ಉದ್ಘಾಟಕರು ಯಾರು, ಅಧ್ಯಕ್ಷರು ಯಾರು, ಯಾವ ಗೋಷ್ಠಿಯಲ್ಲಿ ಯಾರ ಹೆಸರಿದೆ, ಯಾರ ಹೆಸರು ಬಿಟ್ಟುಹೋಗಿದೆ ಎಂಬುದನ್ನು ನೋಡಿ ಮಡಚಿಡುತ್ತೇವೆ. ಕೊನೆಯ ಪುಟದ ತಳದಲ್ಲಿ ಸಣ್ಣಕ್ಷರದ ಎರಡು ಸಾಲು ಇರುತ್ತವೆ: ಸಂಜೆ ಸಾಂಸ್ಕೃತಿಕ ಕಾರ್ಯಕ್ರಮ, ಮರುದಿನ ಸ್ಥಳೀಯ ಪ್ರೇಕ್ಷಣೀಯ ಸ್ಥಳಗಳ ವೀಕ್ಷಣೆ. ಗೋಷ್ಠಿಗಳಲ್ಲಿ ಆಡಿದ ಮಾತು ವರದಿಯಾಗಿ ಕಪಾಟು ಸೇರುತ್ತದೆ. ಬಂದವನ ಮನಸ್ಸಿನಲ್ಲಿ ಇಪ್ಪತ್ತು ವರ್ಷ ಉಳಿಯುವುದು ಈ ಎರಡು ಸಾಲಿನ ಕೆಲಸ. ಆ ಊರಿನಲ್ಲಿ ಉಂಡದ್ದೇನು, ಕಂಡದ್ದೇನು, ಗೈಡು ಹೇಳಿದ್ದೇನು ಎಂಬುದನ್ನೇ ಅವನು ಮನೆಗೆ ಹೋಗಿ ಹೆಂಡತಿ ಮಕ್ಕಳಿಗೆ ಹೇಳುತ್ತಾನೆ. ಒಂದು ಊರಿನ ಚರಿತ್ರೆ ನಾಡಿನ ತುಂಬ ಹರಡುವುದು ಹೆಚ್ಚಾಗಿ ಹೀಗೆಯೇ. ಆದ್ದರಿಂದ ಆ ಎರಡು ಸಾಲನ್ನು ಹಗುರವಾಗಿ ನೋಡಬಾರದು ಎಂದು ನಮಗೆ ಅನಿಸುತ್ತದೆ.

ಬಿಜಾಪುರವನ್ನೇ ತೆಗೆದುಕೊಳ್ಳೋಣ. 2014ರ ನವೆಂಬರ್ 1ರಿಂದ ಸರಕಾರಿ ಕಾಗದಪತ್ರಗಳಲ್ಲಿ ಅದು ವಿಜಯಪುರ. ಟಾಂಗಾದವರ ಬಾಯಲ್ಲಿ ಎರಡೂ ಹೆಸರು ನಡೆಯುತ್ತವೆ. ಕನ್ನಡ ಸಾಹಿತ್ಯ ಸಮ್ಮೇಳನ ಇಲ್ಲಿ ಎರಡು ಸಲ ಸೇರಿದೆ. 1923ರಲ್ಲಿ ಸಿದ್ಧಾಂತಿ ಶಿವಶಂಕರ ಶಾಸ್ತ್ರಿಗಳ ಅಧ್ಯಕ್ಷತೆಯಲ್ಲಿ 9ನೆಯದು, ತೊಂಬತ್ತು ವರ್ಷಗಳ ಬಳಿಕ 2013ರ ಫೆಬ್ರವರಿ 9ರಿಂದ 11ರವರೆಗೆ ಕೋ. ಚೆನ್ನಬಸಪ್ಪನವರ ಅಧ್ಯಕ್ಷತೆಯಲ್ಲಿ 79ನೆಯದು. 1923ರಲ್ಲಿ ಊರು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಫ.ಗು. ಹಳಕಟ್ಟಿಯವರು ಇದೇ ಊರಿನಲ್ಲಿ ವಕೀಲಿ ಮಾಡಿಕೊಂಡು ಓಲೆಗರಿಗಳಿಂದ ವಚನಗಳನ್ನು ಹೆಕ್ಕುತ್ತಿದ್ದರು. ಅವರ ‘ವಚನ ಶಾಸ್ತ್ರ ಸಾರ’ದ ಮೊದಲ ಭಾಗ ಹೊರಬಂದದ್ದೂ ಅದೇ ವರ್ಷ. ಇದಲ್ಲದೆ ವೈದ್ಯರು, ವಕೀಲರು, ಇತಿಹಾಸದ ಪ್ರಾಧ್ಯಾಪಕರು ಎಂದು ವರ್ಷವಿಡೀ ಒಂದಲ್ಲ ಒಂದು ಸಮಾವೇಶ ನಡೆದೇ ಇರುತ್ತದೆ. ಅವರನ್ನು ಊರು ಸುತ್ತಿಸುವ ಕೆಲಸ ಆಗಾಗ ನಮ್ಮಂಥವರ ಪಾಲಿಗೆ ಬರುತ್ತದೆ. ಉರ್ದುವೂ ಬರುತ್ತದೆ, ಕನ್ನಡವೂ ಬರುತ್ತದೆ, ಗೋರಿಯ ಮೇಲೆ ಏನೋ ಬರೆದಿದೆಯಲ್ಲ, ಓದಿ ಹೇಳಿರಿ ಎನ್ನುತ್ತಾರೆ. ಅದು ಫಾರಸಿ ಎಂದರೆ ಎಲ್ಲ ಒಂದೇ ಅಲ್ಲವೇ ಎನ್ನುತ್ತಾರೆ!

ಹೊರಗಿನಿಂದ ಬಂದವರನ್ನು ಎಲ್ಲಿ ಇಳಿಸಬೇಕು ಎಂಬ ಪ್ರಶ್ನೆಗೆ ಈ ಊರಿನಲ್ಲಿ ಒಂದು ವಿಚಿತ್ರ ಇತಿಹಾಸವಿದೆ. 1848ರಲ್ಲಿ ಸಾತಾರಾ ಸಂಸ್ಥಾನ ಇಂಗ್ಲಿಷರ ಕೈಸೇರಿದಾಗ ಅದರೊಳಗಿದ್ದ ಬಿಜಾಪುರವೂ ಸೇರಿತು. 1884ರ ಸುಮಾರಿಗೆ ರೈಲು ಬಂತು. 1885ರಲ್ಲಿ ಜಿಲ್ಲೆಯ ಕೇಂದ್ರ ಕಲಾದಗಿಯಿಂದ ಇಲ್ಲಿಗೆ ಬಂತು. ಕಚೇರಿಗಳಿಗೆ ಹೊಸ ಕಟ್ಟಡ ಕಟ್ಟಲು ಹಣ ಯಾಕೆ ಸುರಿಯಬೇಕು? ಖಾಲಿ ಬಿದ್ದಿರುವ ಮಹಲುಗಳಿವೆ, ಮಸೀದಿಗಳಿವೆ. ಬುಖಾರಿ ಮಸೀದಿ ಅಂಚೆ ಕಚೇರಿಯಾಯಿತು. ಗೋಲಗುಮ್ಮಟದ ಪಕ್ಕದ ಮಸೀದಿ, ಇಂದಿಗೂ ನೋಡಿದವರು ಇಷ್ಟು ಚಂದದ ಕಟ್ಟಡವನ್ನು ಗುಮ್ಮಟದ ನೆರಳಿನಲ್ಲಿ ಯಾರೂ ಗಮನಿಸುವುದಿಲ್ಲವಲ್ಲ ಎಂದು ಮರುಗುವ ಆ ಮಸೀದಿ, ಪ್ರವಾಸಿ ಬಂಗಲೆಯಾಯಿತು. ಊರು ನೋಡಲು ಬಂದ ಸಾಹೇಬರು ಅಲ್ಲಿ ಉಂಡು, ಕುಡಿದು, ಮಂಚ ಹಾಕಿ ಮಲಗುತ್ತಿದ್ದರು. 1900ರಲ್ಲಿ ವೈಸರಾಯ್ ಲಾರ್ಡ್ ಕರ್ಜನ್ ಬಂದಾಗ ಇದನ್ನು ಕಂಡು ಸಿಟ್ಟಾದ. ಮಸೀದಿಗಳಿಂದ ಕಚೇರಿ, ಬಂಗಲೆಗಳನ್ನು ತೆರವು ಮಾಡಿಸಿದ. ಬಂಗಾಳವನ್ನು ಒಡೆದವನೆಂದು ಕರ್ಜನ್ನನನ್ನು ಬೈಯುವುದು ನಮಗೆ ಅಭ್ಯಾಸವಾಗಿದೆ, ಬೈಯಲೂ ಬೇಕು. ಆದರೆ ಬಿಜಾಪುರದ ಮಸೀದಿಗಳ ವಿಷಯದಲ್ಲಿ ಅವನು ಮಾಡಿದ್ದು ನ್ಯಾಯ.

ಆಗಿನ ಸರಕಾರದ ದೃಷ್ಟಿ ಹೇಗಿತ್ತು ಎಂಬುದಕ್ಕೆ ಇನ್ನೊಂದು ನಿದರ್ಶನ ಮಲಿಕ್-ಎ-ಮೈದಾನ್ ತೋಪು. 1549ರಲ್ಲಿ ಅಹಮದನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎಂಬ ಎರಕದವನು ಹೊಯ್ದ, ಸುಮಾರು 55 ಟನ್ ತೂಕದ ತೋಪು ಅದು. ಬಿಸಿಲಿನಲ್ಲೂ ಮುಟ್ಟಿದರೆ ತಣ್ಣಗಿರುತ್ತದೆಂದು ಗೈಡುಗಳು ಪ್ರತಿಯೊಬ್ಬರ ಕೈ ಹಿಡಿದು ಮುಟ್ಟಿಸುತ್ತಾರೆ. 1854ರಲ್ಲಿ, ಬಿಜಾಪುರದಲ್ಲಿ ಬಿದ್ದಿರುವ ಉಪಯೋಗವಿಲ್ಲದ ಸಾಮಾನನ್ನು ಹರಾಜು ಹಾಕಿರಿ ಎಂದು ಸಾತಾರಾದ ಕಮಿಷನರರಿಂದ ಅಪ್ಪಣೆ ಬಂತು. ಈ ತೋಪಿಗೆ ಬಂದ ಅತಿ ಹೆಚ್ಚಿನ ಸವಾಲು 150 ರೂಪಾಯಿ. ಇಷ್ಟು ಕಡಿಮೆ ಬೆಲೆಗೆ ಕೊಡುವುದು ಸರಿಯಲ್ಲ, ಊರಿನವರಿಗೂ ಇದರ ಮೇಲೆ ಅಭಿಮಾನವಿದೆ ಎಂದು ಮಾಮಲೇದಾರ ಮೇಲಿನವರಿಗೆ ಬರೆದದ್ದರಿಂದ ಅದು ಬುರುಜಿನ ಮೇಲೆ ಉಳಿಯಿತು. ಸಮ್ಮೇಳನಕ್ಕೆ ಬಂದವರು ಅದರ ಬಾಯಿಯ ಹತ್ತಿರ ನಿಂತು ಫೋಟೋ ತೆಗೆಸಿಕೊಳ್ಳುವಾಗ ಆ ಮಾಮಲೇದಾರನನ್ನು ನೆನೆಯುವವರು ಯಾರೂ ಇಲ್ಲ.

ಪುಸ್ತಕಗಳಿಗೆ ಇಂಥ ಅದೃಷ್ಟವಿರಲಿಲ್ಲ. ಮುಹಮ್ಮದ್ ಆದಿಲಶಹನ ಕಾಲದಲ್ಲಿ, 1646ರ ಸುಮಾರಿಗೆ, ನ್ಯಾಯದಾನಕ್ಕೆಂದು ಕಟ್ಟಿದ ಮಹಲು ಮುಂದೆ ಪ್ರವಾದಿ(ಸ)ಯವರ ಪವಿತ್ರ ಕೇಶದ ನೆಲೆಯಾಗಿ ಆಸಾರ್ ಮಹಲ್ ಎಂದಾಯಿತು. ಎತ್ತರದ ಮರದ ಕಂಬಗಳು, ಎದುರಿಗೆ ಚೌಕದ ಕೆರೆ, ಒಳಗೆ ಮಾಸಿದ ಚಿತ್ರಗಳು. ಆದಿಲಶಾಹಿಗಳ ಗ್ರಂಥಭಂಡಾರದಲ್ಲಿ ಅಳಿದುಳಿದ ಅರಬ್ಬಿ, ಫಾರಸಿ ಹಸ್ತಪ್ರತಿಗಳು ಇಲ್ಲಿದ್ದವು. 1853ರಲ್ಲಿ ಅವನ್ನು ಕಂಪನಿಯವರು ಲಂಡನ್ನಿಗೆ ಸಾಗಿಸಿದರು. ಇಂದು ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. ಆಸಾರ್ ಮಹಲಿಗೆ ಕರೆದುಕೊಂಡು ಹೋಗುವವರು ಈ ಮಾತನ್ನು ಹೇಳುವುದೇ ಇಲ್ಲ. ಹೆಂಗಸರನ್ನು ಒಳಗೆ ಬಿಡುವುದಿಲ್ಲ ಎಂಬ ಮಾತನ್ನು ಮಾತ್ರ ಬಾಗಿಲಲ್ಲೇ ಹೇಳುತ್ತಾರೆ. ದೂರದ ಊರಿನಿಂದ ಬಂದ ಲೇಖಕಿಯರು ಕೆರೆಯ ಕಟ್ಟೆಯ ಮೇಲೆ ಕೂತು ಗಂಡಸರು ಹೊರಬರುವುದನ್ನು ಕಾಯುವ ನೋಟ ನಮಗೇನೂ ಚಂದ ಕಾಣುವುದಿಲ್ಲ. ಪವಿತ್ರ ಅವಶೇಷದ ಕೋಣೆಯ ಅದಬು ಒಂದು, ಮಹಲಿನ ಉಳಿದ ಭಾಗದ ಚಿತ್ರ, ಕಂಬ ನೋಡುವುದು ಇನ್ನೊಂದು. ಇವೆರಡನ್ನೂ ಬೇರೆ ಮಾಡುವುದು ಅಸಾಧ್ಯವೇನಲ್ಲ.

ಈಗ ನಾಲ್ಕು ನೂರು ವರ್ಷ ಹಿಂದಕ್ಕೆ ಹೋಗಿ, ಈ ಊರಿಗೆ ಬಂದ ಒಬ್ಬ ಅತಿಥಿಯನ್ನು ನೋಡೋಣ. ಅವನ ಹೆಸರು ಅಸದ್ ಬೇಗ್, ಊರು ಇರಾನಿನ ಕಜ್ವೀನ್, ಚಾಕರಿ ಅಕ್ಬರನ ಆಸ್ಥಾನದಲ್ಲಿ. ಅಕ್ಬರನ ಮಗ ದಾನಿಯಾಲನಿಗೆ ಬಿಜಾಪುರದ ಇಮ್ಮಡಿ ಇಬ್ರಾಹಿಂ ಆದಿಲಶಹನ ಮಗಳನ್ನು ತರುವ ಮಾತಾಗಿತ್ತು. ಆ ಕೆಲಸಕ್ಕೆಂದು ಮೊದಲು ಬಂದಿದ್ದ ಮೀರ್ ಜಮಾಲುದ್ದೀನ್ ದಖ್ಖನಿನ ಸುಲ್ತಾನರ ಉಡುಗೊರೆಗಳ ರುಚಿ ಹತ್ತಿ ಇಲ್ಲೇ ಕಾಲ ತಳ್ಳುತ್ತಿದ್ದ. ಅವನನ್ನೂ ಮದುಮಗಳನ್ನೂ ಹೊರಡಿಸಿಕೊಂಡು ಬಾ ಎಂದು 1603-04ರಲ್ಲಿ ಅಸದ್ ಬೇಗನನ್ನು ಕಳಿಸಿದರು. ಅತಿಥಿ ಸತ್ಕಾರ ಅತಿಯಾದರೆ ಆಗುವ ತೊಂದರೆ ಇದು!

ಅಸದ್ ಬೇಗ್ ತಾನು ಕಂಡದ್ದನ್ನು ಬರೆದಿಟ್ಟಿದ್ದಾನೆ. ಅವನಿಗೆ ಕೊಟ್ಟ ಬಿಡಾರ ಗಾಳಿ ಬೆಳಕು ಚೆನ್ನಾಗಿದ್ದ, ಸುತ್ತ ಎತ್ತರದ ಮನೆಗಳಿದ್ದ ಜಾಗ. ಪಕ್ಕದಲ್ಲೇ ಪೇಟೆ. ಅದರ ಅಗಲ ಸುಮಾರು 30 ಗಜ, ಉದ್ದ ಎರಡು ಕೋಸು ಎನ್ನುತ್ತಾನೆ. ಪ್ರತಿ ಅಂಗಡಿಯ ಮುಂದೆ ಒಂದು ಹಸಿರು ಮರ. ನೆಲ ಗುಡಿಸಿ ಒರೆಸಿಟ್ಟ ಹಾಗೆ. ಒಡವೆಯ ಅಂಗಡಿಯಲ್ಲಿ ರತ್ನ ಕೂಡಿಸಿದ ಗಿಳಿ, ನವಿಲು, ಪಾರಿವಾಳಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿಟ್ಟಿದ್ದರು. ಅದರ ಮಗ್ಗುಲಲ್ಲಿ ರೊಟ್ಟಿಯ ಅಂಗಡಿ, ಆಮೇಲೆ ಬಟ್ಟೆಯದು, ಚೀನಾದ ಪಿಂಗಾಣಿಯದು, ಅತ್ತರಿನದು, ಹಣ್ಣಿನದು, ಶರಾಬಿನದು, ಹಾಡುವ ಕುಣಿಯುವವರ ಮನೆಗಳು. ಇಂಥ ಪೇಟೆಯನ್ನು ತಾನು ಬೇರೆಲ್ಲೂ ಕಂಡಿಲ್ಲ, ಅಷ್ಟು ಜನರ ನಡುವೆಯೂ ಜಗಳ ಕಾಣಲಿಲ್ಲ ಎಂಬುದು ಅವನ ಮಾತಿನ ತಾತ್ಪರ್ಯ. ಆದಿಲಶಾಹಿಯ ಹಿರಿಮೆ ಹೇಳುವಾಗ ನಮ್ಮವರಲ್ಲಿ ಕೆಲವರು ಶರಾಬಿನ ಅಂಗಡಿಯನ್ನೂ ಕುಣಿಯುವವರ ಮನೆಯನ್ನೂ ನುಂಗಿಬಿಡುತ್ತಾರೆ. ಇನ್ನು ಕೆಲವರು ಅವೆರಡನ್ನು ಬಿಟ್ಟು ಬೇರೇನನ್ನೂ ಹೇಳುವುದಿಲ್ಲ. ಅಸದ್ ಬೇಗನಿಗೆ ಇಬ್ಬರ ಹಂಗೂ ಇರಲಿಲ್ಲ, ಕಂಡದ್ದನ್ನು ಕಂಡ ಹಾಗೆ ಬರೆದ.

ಸುಲ್ತಾನನನ್ನು ಅವನು ಭೇಟಿಯಾದಾಗ ಇಬ್ರಾಹಿಂ ಹಾಡು ಕೇಳುತ್ತಿದ್ದ. ಎಷ್ಟು ಮುಳುಗಿ ಕೇಳುತ್ತಿದ್ದನೆಂದರೆ ದೂತನ ಮಾತಿಗೆ ಉತ್ತರ ಕೊಡುವುದೇ ಅವನಿಗೆ ಕಷ್ಟವಾಗುತ್ತಿತ್ತು. ಅವನ ಕುತೂಹಲವೆಲ್ಲ ಅಕ್ಬರನ ಗಾಯಕ ತಾನ್‌ಸೇನನ ಮೇಲೆ. ಬಾದಶಹನ ಮುಂದೆ ತಾನ್‌ಸೇನ್ ನಿಂತು ಹಾಡುತ್ತಿದ್ದನೋ, ಕೂತು ಹಾಡುತ್ತಿದ್ದನೋ ಎಂದು ಕೇಳಿದ. ಹಗಲು ದರ್ಬಾರಿನಲ್ಲಿ ನಿಂತು, ರಾತ್ರಿಯ ಹಾಗೂ ಹಬ್ಬದ ಕೂಟಗಳಲ್ಲಿ ಕೂತು ಎಂದು ಅಸದ್ ಬೇಗ್ ಹೇಳಿದ. ಎರಡು ರಾಜ್ಯಗಳ ನಡುವೆ ಮದುವೆಯ, ಕಪ್ಪಕಾಣಿಕೆಯ ಬಿಗಿ ವ್ಯವಹಾರ ನಡೆಯುತ್ತಿರುವಾಗ ಒಬ್ಬ ಅರಸನ ತಲೆಯಲ್ಲಿದ್ದ ಪ್ರಶ್ನೆ ಕಲಾವಿದನಿಗೆ ಕೂರಲು ಜಾಗ ಕೊಡುತ್ತಾರೋ ಇಲ್ಲವೋ ಎಂಬುದು. ಇಂದು ನಮ್ಮ ಸಮ್ಮೇಳನಗಳಲ್ಲಿ ರಾತ್ರಿ ಹನ್ನೊಂದರ ಮೇಲೆ, ಮಂತ್ರಿಗಳೆಲ್ಲ ಎದ್ದು ಹೋದ ಮೇಲೆ, ಖಾಲಿ ಕುರ್ಚಿಗಳ ಎದುರು ಹಾಡಬೇಕಾದ ಗಾಯಕರನ್ನು ಕಂಡಾಗಲೆಲ್ಲ ನಮಗೆ ಈ ಪ್ರಶ್ನೆ ನೆನಪಾಗುತ್ತದೆ.

ಅಸದ್ ಬೇಗ್ ಇಲ್ಲಿಂದ ಹೋಗುವಾಗ ಒಂದು ವಸ್ತು ಕೊಂಡುಹೋದ. ಉತ್ತರದಲ್ಲಿ ಅವನು ಅದುವರೆಗೆ ಕಂಡಿರದ ತಂಬಾಕು. ರತ್ನ ಕೂಡಿಸಿದ ಹುಕ್ಕಾ ಮಾಡಿಸಿ ಅಕ್ಬರನ ಮುಂದಿಟ್ಟ. ಬಾದಶಹ ಒಂದೆರಡು ದಮ್ಮು ಎಳೆದ. ವೈದ್ಯರು ತಡೆದರು, ನಮ್ಮ ಶಾಸ್ತ್ರಗಳಲ್ಲಿ ಇದರ ಮಾತಿಲ್ಲ ಎಂದರು. ಅಸದ್ ಬೇಗ್ ಅವರೊಡನೆ ವಾದಕ್ಕಿಳಿದ. ಅಕ್ಬರನೇನೋ ಮತ್ತೆ ಸೇದಲಿಲ್ಲ, ಆದರೆ ಅಮೀರರಿಗೆ ಚಟ ಹತ್ತಿತು. ವರ್ತಕರು ತಂದು ಮಾರತೊಡಗಿದರು. ಪ್ರವಾಸಿ ತರುವ ನೆನಪಿನ ಕಾಣಿಕೆ ಎಷ್ಟು ದೂರ ಹೋಗಬಲ್ಲದು ನೋಡಿ.

ಇನ್ನು ಇಬ್ರಾಹಿಮನ ಮಾತು. 1580ರಲ್ಲಿ ಎಳೆಯ ಹುಡುಗನಾಗಿದ್ದಾಗಲೇ ಪಟ್ಟಕ್ಕೆ ಬಂದು 1627ರವರೆಗೆ ಆಳಿದವನು. ಅವನ ‘ಕಿತಾಬ್-ಎ-ನವರಸ್’ ದಖನಿ ಭಾಷೆಯ ಪದಗಳ ಪುಸ್ತಕ. 59 ಪದ, 17 ದೋಹೆ, ರಾಗಗಳ ಹೆಸರಿನ ಕೆಳಗೆ ಜೋಡಿಸಿದವು. ಸರಸ್ವತಿಯ, ಗಣಪತಿಯ ಸ್ತುತಿ ಅದರಲ್ಲಿದೆ, ಪ್ರವಾದಿ(ಸ)ಯವರ ಹಾಗೂ ಗುಲಬರ್ಗದ ಖಾಜಾ ಬಂದೇನವಾಜರ ಸ್ಮರಣೆಯೂ ಇದೆ. ತನ್ನ ತಂಬೂರಿಗೆ ಮೋತಿಖಾನ್ ಎಂದು, ಆನೆಗೆ ಆತಶ್‌ಖಾನ್ ಎಂದು ಹೆಸರಿಟ್ಟು ಅವುಗಳ ಮೇಲೂ ಪದ ಕಟ್ಟಿದ. ಜನ ಅವನನ್ನು ಜಗದ್ಗುರು ಎಂದರು. ಅವನ ಆಸ್ಥಾನದಲ್ಲಿ ಸುಗಂಧಗಳ ಮೇಲೆಯೇ ‘ಇತ್ರ್-ಎ-ನವರಸ್‌ಶಾಹಿ’ ಎಂಬ ಪುಸ್ತಕ ಬರೆದರು. ಹಾಲೆಂಡಿನಿಂದ ಬಂದ ಕೊರ್ನೆಲಿಸ್ ಹೇಡಾ ಎಂಬ ಚಿತ್ರಕಾರನೂ ಅಲ್ಲಿದ್ದ, ಇರಾನಿನ ಕವಿ ಜುಹೂರಿಯೂ ಇದ್ದ, ಚರಿತ್ರೆಕಾರ ಫರಿಶ್ತಾ 1589ರಲ್ಲಿ ಬಂದು ಇಲ್ಲೇ ನೆಲೆನಿಂತ. ಒಂದು ಲೆಕ್ಕದಲ್ಲಿ ಆಗಿನ ಬಿಜಾಪುರವೇ ನಿತ್ಯ ನಡೆಯುವ ಒಂದು ಸಮ್ಮೇಳನ.

ಆ ಸಮ್ಮೇಳನಕ್ಕೆ ಸಾಕಾಗುವಷ್ಟು ಜಾಗ ಬೇಕೆಂದೇ ಏನೋ, 1599ರಲ್ಲಿ ಇಬ್ರಾಹಿಂ ಊರ ಪಶ್ಚಿಮಕ್ಕೆ ನವರಸಪುರ ಎಂಬ ಹೊಸ ಪಟ್ಟಣ ಕಟ್ಟತೊಡಗಿದ. ಗಾಯಕರು, ವಾದ್ಯಗಾರರು ಸೇರುವ ನವರಸದ ಹಬ್ಬವನ್ನೂ ನಡೆಸಿದ. 1624ರಲ್ಲಿ ಮಲಿಕ್ ಅಂಬರನ ಸೇನೆ ಬಂದು ಪಟ್ಟಣವನ್ನು ಸೂರೆ ಮಾಡಿತು. ಅಂಬರನೂ ಮುಸಲ್ಮಾನ, ಇಬ್ರಾಹಿಮನೂ ಮುಸಲ್ಮಾನ. ಮಧ್ಯಕಾಲದ ಯುದ್ಧಗಳನ್ನೆಲ್ಲ ಎರಡು ಮತಗಳ ಕಾದಾಟ ಮಾಡಿ ತೋರಿಸುವ ಗೈಡುಗಳು ಇಲ್ಲಿಗೆ ಯಾರನ್ನೂ ಕರೆತರುವುದಿಲ್ಲ, ಕರೆತಂದರೆ ಕತೆ ಕೆಡುತ್ತದೆ! ಸಂಗೀತ ಮಹಲ್ ಎಂಬ ಕಮಾನಿನ ಕಟ್ಟಡ ಅಲ್ಲಿ ಉಳಿದಿದೆ. ಸರಕಾರ ನವರಸಪುರ ಉತ್ಸವ ಎಂದು ಹೆಸರಿಟ್ಟು ಕಾರ್ಯಕ್ರಮ ನಡೆಸಿದ್ದುಂಟು. ಒಂದು ವರ್ಷ ನಡೆದರೆ ಮತ್ತೆ ಕೆಲವು ವರ್ಷ ಬರಗಾಲವೆಂದೋ ಚುನಾವಣೆಯೆಂದೋ ನಿಂತುಹೋಗುತ್ತದೆ.

ಅದರ ಮಗ್ಗುಲಲ್ಲೇ ಇರುವ ಊರು ತೊರವಿ. ಕನ್ನಡ ಓದಿದವರಿಗೆ ಆ ಹೆಸರು ಹೊಸದಲ್ಲ. ಕುಮಾರ ವಾಲ್ಮೀಕಿ ಭಾಮಿನಿ ಷಟ್ಪದಿಯಲ್ಲಿ ರಾಮಾಯಣ ಬರೆದದ್ದು ಆ ತೊರವೆಯ ನರಸಿಂಹನ ಅಂಕಿತದಲ್ಲಿ. ತೊರವೆ ರಾಮಾಯಣ ಪಠ್ಯವಾಗಿ ಓದಿದ ಸಾವಿರಾರು ಕನ್ನಡ ಮೇಷ್ಟರಲ್ಲಿ ಎಷ್ಟು ಜನ ತೊರವಿ ನೋಡಿದ್ದಾರೆ? ಸಮ್ಮೇಳನಕ್ಕೆ ಬಂದವರನ್ನು ಗೋಲಗುಮ್ಮಟಕ್ಕೆ ಕರೆದೊಯ್ಯುವ ಬಸ್ಸು ಪಶ್ಚಿಮದ ದಾರಿಯಲ್ಲಿ ಸ್ವಲ್ಪ ಮುಂದಕ್ಕೆ ಹೋದರೆ ನರಸಿಂಹನ ಗುಡಿಯೂ ಜಗದ್ಗುರು ಇಬ್ರಾಹಿಮನ ಸಂಗೀತ ಮಹಲೂ ಒಂದೇ ಸುತ್ತಿನಲ್ಲಿ ಸಿಗುತ್ತವೆ. ಊರಿಗೆ ನೀರು ಬರುತ್ತಿದ್ದದ್ದೂ ಆ ಕಡೆಯಿಂದಲೇ. ತೊರವಿಯ ಕಡೆಯ ನೀರನ್ನು ನೆಲದೊಳಗಿನ ಸುರಂಗದಲ್ಲಿ ತಂದು, 1651ರ ಬೇಗಂ ತಾಲಾಬಿನ ನೀರನ್ನು ಮಣ್ಣಿನ ಕೊಳವೆಗಳಲ್ಲಿ ಹರಿಸಿ, ನಡುನಡುವೆ ಗಂಜ್ ಎಂಬ ಗೋಪುರಗಳನ್ನಿಟ್ಟು ಒತ್ತಡ ತಗ್ಗಿಸಿ, ಮಳೆ ಕಡಿಮೆಯ ಈ ನಾಡಿನಲ್ಲಿ ಲಕ್ಷಗಟ್ಟಲೆ ಜನರ ಬಾಯಾರಿಕೆ ತೀರಿಸಿದರು. ನಮಗೆ ಕೇಳಿದರೆ ಗುಮ್ಮಟಕ್ಕಿಂತ ದೊಡ್ಡ ಕೆಲಸ ಇದು. ತಾಜ್ ಬಾವಡಿಯಂಥ ಹಳೆಯ ಬಾವಡಿಗಳಲ್ಲಿ ದಶಕಗಳ ಕಾಲ ಗಣಪತಿ ವಿಗ್ರಹದ ಬಣ್ಣ, ಪ್ಲಾಸ್ಟಿಕ್ಕು, ಮನೆಗಸ ಎಲ್ಲ ಬಿತ್ತು. ಅದರಲ್ಲಿ ಎರಡೂ ಕಡೆಯವರ ಕೈಯಿದೆ. 2016-17ರ ಸುಮಾರಿಗೆ ಅವುಗಳ ಹೂಳೆತ್ತಿ ಶುಚಿ ಮಾಡಿದ್ದು ಮೆಚ್ಚತಕ್ಕ ಕೆಲಸ. ಆದರೆ ಬಾವಡಿ ನೋಡಲು ಅತಿಥಿಯನ್ನು ಯಾರು ಕರೆದೊಯ್ಯುತ್ತಾರೆ? ಅಲ್ಲಿ ಪ್ರತಿಧ್ವನಿ ಇಲ್ಲವಲ್ಲ.

ಹೌದು, ಗೋಲಗುಮ್ಮಟಕ್ಕೆ ಬಂದವರಿಗೆ ಬೇಕಾದದ್ದು ಪ್ರತಿಧ್ವನಿ. ಮುಹಮ್ಮದ್ ಆದಿಲಶಹ (ಆಳ್ವಿಕೆ 1627-1656) ತನಗಾಗಿ ಕಟ್ಟಿಸಿಕೊಂಡ ಗೋರಿ ಅದು. ಗುಮ್ಮಟದ ಒಳವ್ಯಾಸ ಸುಮಾರು 124 ಅಡಿ. ಕೆಳಗಿನ 18 ಸಾವಿರ ಚದರ ಅಡಿಗೂ ಮಿಕ್ಕ ಜಾಗದಲ್ಲಿ ಒಂದು ಕಂಬವೂ ಇಲ್ಲ. ಚೌಕದ ಗೋಡೆಯ ಮೇಲೆ ದುಂಡನೆಯ ಗುಮ್ಮಟ ಕೂರಿಸುವುದಕ್ಕೆ ಎಂಟು ದೊಡ್ಡ ಕಮಾನುಗಳನ್ನು ಒಂದಕ್ಕೊಂದು ಹೆಣೆದು, ಭಾರವನ್ನು ಒಳಕ್ಕೆ ತಂದು ಗೋಡೆಗಳಿಗೆ ಇಳಿಸಿದ ಉಪಾಯ ಎಂಥದೆಂದು ಕತ್ತೆತ್ತಿ ಎರಡು ನಿಮಿಷ ನೋಡಿದರೆ ತಿಳಿಯುತ್ತದೆ. ಆ ಎರಡು ನಿಮಿಷ ಯಾರಿಗೂ ಇರುವುದಿಲ್ಲ. ಮೂಲೆಯ ಗೋಪುರದ ಕಡಿದಾದ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಮೇಲೆ ಹೋಗುವುದು, ಕೂಗುವುದು, ಶಿಳ್ಳೆ ಹಾಕುವುದು, ಇಳಿಯುವುದು. ಕೆಳಗೆ ಸುಲ್ತಾನ, ಅವನ ಬೇಗಮರು, ಮಗಳು, ಮೊಮ್ಮಗ, ರಂಭಾ ಎಂಬ ನರ್ತಕಿ ಮಲಗಿದ್ದಾರೆ. ದಕ್ಷಿಣ ಬಾಗಿಲ ಮೇಲಿನ ಫಾರಸಿ ಸಾಲುಗಳ ಅಕ್ಷರಗಳ ಬೆಲೆ ಕೂಡಿಸಿದರೆ ಸುಲ್ತಾನ ತೀರಿಕೊಂಡ ಹಿಜರಿ 1067 ಬರುತ್ತದೆ. ಉರ್ದು ಶಾಲೆಯಲ್ಲಿ ಅಬ್ಜದ್ ಲೆಕ್ಕ ಕಲಿತ ನಾವು ಇದನ್ನು ಬೆರಳು ಮಡಚಿ ಲೆಕ್ಕ ಹಾಕಿ ತೋರಿಸಿದರೆ ಕನ್ನಡದ ಗೆಳೆಯರು ಬಹಳ ಸಂತೋಷಪಡುತ್ತಾರೆ. ಶಾಸನಗಳಲ್ಲಿ ಅವರಿಗೂ ಸಂಖ್ಯೆಯನ್ನು ಮಾತಿನಲ್ಲಿ ಅಡಗಿಸುವ ರೂಢಿ ಗೊತ್ತಲ್ಲ.

ಗೈಡುಗಳಿಗೆ ಅಂಥ ಲೆಕ್ಕ ಬೇಡ. ಅವರಿಗೆ ಬೇಕಾದದ್ದು ರಂಭೆಯ ಕತೆ: ನನ್ನ ಮೇಲೆ ಪ್ರೀತಿಯಿದ್ದರೆ ಮೇಲಿಂದ ಹಾರು ಎಂದು ಸುಲ್ತಾನ ಹೇಳಿದ, ಅವಳು ಹಾರಿಬಿಟ್ಟಳು. ಊರ ಹೊರಗಿನ ಸಾಠ್ ಕಬರ್‌ಗೆ ಕರೆದೊಯ್ದರೆ ಇನ್ನೂ ಭಯಂಕರ ಕತೆ. 1659ರಲ್ಲಿ ಶಿವಾಜಿಯ ಮೇಲೆ ದಂಡೆತ್ತಿ ಹೊರಟ ಅಫಜಲಖಾನ ತಾನು ಮರಳುವುದಿಲ್ಲವೆಂದು ಜ್ಯೋತಿಷಿಯಿಂದ ತಿಳಿದು ತನ್ನ ಅರವತ್ತಮೂರು ಹೆಂಡಿರನ್ನು ಬಾವಿಗೆ ನೂಕಿ ಕೊಂದನಂತೆ. ಒಂದೇ ಕಟ್ಟೆಯ ಮೇಲೆ ಸಾಲು ಸಾಲಾಗಿ ಒಂದೇ ಅಳತೆಯ ಗೋರಿಗಳಿರುವುದು ನಿಜ. ಕತೆ ಮಾತ್ರ ಕತೆಯೇ ಹೊರತು ದಾಖಲೆಯಲ್ಲ. ಕತೆ ಬರೆದು ಬದುಕುವ ನಮಗೆ ಕತೆಯ ಮೇಲೆ ಸಿಟ್ಟಿಲ್ಲ. ಒಳ್ಳೆಯ ಕತೆ ಯಾವ ಊರಿಗೂ ಭೂಷಣವೇ. ಆದರೆ ಎರಡು ದಿನಕ್ಕೆ ಬಂದವನು ಬಿಜಾಪುರದಿಂದ ಎರಡೇ ಕತೆ ಕೊಂಡೊಯ್ದು, ಆ ಎರಡರಲ್ಲೂ ಮುಸಲ್ಮಾನ ಗಂಡಸು ಹೆಂಗಸನ್ನು ಸಾಯಿಸಿದ್ದೇ ಇದ್ದರೆ, ಆ ಅತಿಥಿ ತನ್ನ ಊರಿನಲ್ಲಿ ಪಕ್ಕದ ಮನೆಯ ಮುಸಲ್ಮಾನನನ್ನು ನೋಡುವ ಕಣ್ಣಿಗೂ ಅದರ ಬಣ್ಣ ಹತ್ತದೆ ಇರುತ್ತದೆಯೇ? ಇಬ್ರಾಹಿಮನು ರಾಣಿ ತಾಜ್ ಸುಲ್ತಾನಾಳ ಪಕ್ಕದಲ್ಲಿ ಮಲಗಿರುವ ಇಬ್ರಾಹಿಂ ರೋಜಾ, ಮಲಿಕ್ ಸಂದಲ್ ಕಲ್ಲನ್ನು ಜಾಲರಿಯಾಗಿಸಿ ಅಕ್ಷರಗಳ ನಡುವಿನಿಂದ ಬೆಳಕು ಬಿಟ್ಟ ಆ ಕಟ್ಟಡ, ಇದೇ ಊರಿನದು. ಅದಕ್ಕೆ ಅರ್ಧ ಗಂಟೆಯೂ ಕೊಡುವುದಿಲ್ಲ.

ವಿಜಯನಗರದ ಮಾತೂ ಬರುತ್ತದೆ. 1565ರ ಯುದ್ಧ, ಹಂಪಿಯ ಲೂಟಿ, ಆ ಹಣದಿಂದ ಮೇಲೆದ್ದ ಜಾಮಿಯಾ ಮಸೀದಿ. ಇದೆಲ್ಲ ಮುಚ್ಚಿಡುವ ಸಂಗತಿಯಲ್ಲ, ಹೇಳಲೇಬೇಕು. ಆದರೆ ಅದಕ್ಕೂ ಏಳೆಂಟು ವರ್ಷ ಮುಂಚಿನ ಒಂದು ಅತಿಥಿ ಸತ್ಕಾರದ ಪ್ರಸಂಗವನ್ನು ಫರಿಶ್ತಾ ಹೇಳುತ್ತಾನೆ, ಅದನ್ನೂ ಸೇರಿಸಿ ಹೇಳಬೇಕು. ರಾಮರಾಯನ ಮಗ ತೀರಿಕೊಂಡಾಗ ಬಿಜಾಪುರದ ಮೊದಲನೆಯ ಅಲಿ ಆದಿಲಶಹ ಬರೀ ನೂರು ಸವಾರರೊಡನೆ ವಿಜಯನಗರಕ್ಕೆ ಹೋದ. ದುಃಖ ಹಂಚಿಕೊಳ್ಳುವುದೂ ಇತ್ತು, ಅಹಮದನಗರದ ವಿರುದ್ಧ ಸ್ನೇಹ ಬೆಳೆಸುವ ಲೆಕ್ಕವೂ ಇತ್ತು. ರಾಮರಾಯ ಆದರದಿಂದ ಬರಮಾಡಿಕೊಂಡ. ಅವನ ಹೆಂಡತಿ ಆ ತರುಣ ಸುಲ್ತಾನನನ್ನು ಮಗನೆಂದು ಕರೆದಳು. ಮೂರು ದಿನದ ಉಪಚಾರವಾಯಿತು. ಹೊರಡುವ ದಿನ ಮಾತ್ರ ರಾಮರಾಯ ಊರ ಹೊರಗಿನವರೆಗೆ ಬಂದು ಬೀಳ್ಕೊಡಲಿಲ್ಲ. ಅದು ಅಲಿಯ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು ಎನ್ನುತ್ತಾನೆ ಫರಿಶ್ತಾ. ಅವನು ಬರೆದದ್ದು ದಶಕಗಳ ಬಳಿಕ, ಬಿಜಾಪುರದ ಉಪ್ಪುಂಡು. ಯುದ್ಧಕ್ಕೆ ಬೇರೆ ದೊಡ್ಡ ಕಾರಣಗಳಿದ್ದವು, ಕೋಟೆಗಳ, ಸೀಮೆಗಳ, ಗೆದ್ದವರ ಗರ್ವದ ಕಾರಣಗಳು. ಆದರೂ ಬಂದವನನ್ನು ಊರ ಬಾಗಿಲವರೆಗೆ ಕಳಿಸಿಕೊಡುವ ನಮ್ಮ ಹಳ್ಳಿಗಳ ಪದ್ಧತಿ ಬಲ್ಲವರಿಗೆ ಈ ಮಾತು ಸುಳ್ಳೆನಿಸುವುದಿಲ್ಲ. ಮಗನೆಂದು ಕರೆದ ಮನೆಯ ಮೇಲೆಯೇ ಆ ಮಗ ದಂಡೆತ್ತಿ ಹೋದ ಎಂಬ ಸಂಕಟವೂ ಇದರಲ್ಲಿದೆ. ಗೆದ್ದವರು, ಸೋತವರು ಎಂದು ಎರಡು ಪಂಗಡ ಮಾಡಿ ಹೇಳುವುದಕ್ಕಿಂತ ಇದು ಹೆಚ್ಚು ಮನುಷ್ಯರ ಚರಿತ್ರೆ.

ಊಟದ ವಿಷಯಕ್ಕೆ ಹೆಚ್ಚು ಹೇಳಬೇಕಾದದ್ದಿಲ್ಲ. ಈ ಸೀಮೆಯಲ್ಲಿ ಸಮ್ಮೇಳನವೆಂದರೆ ಬಿಳಿಜೋಳದ ರೊಟ್ಟಿ, ಎಣ್ಣೆಗಾಯಿ ಬದನೆ, ಶೇಂಗಾ ಚಟ್ನಿ, ಶೇಂಗಾ ಹೋಳಿಗೆ. ಉಂಡವರು ಮರೆಯುವುದಿಲ್ಲ. 2024ರ ಡಿಸೆಂಬರಿನಲ್ಲಿ ಮಂಡ್ಯದ ಸಮ್ಮೇಳನದ ಹೊತ್ತಿಗೆ ಮಾಂಸಾಹಾರವನ್ನು ಮದ್ಯ, ತಂಬಾಕುಗಳ ಸಾಲಿನಲ್ಲಿಟ್ಟು ನಿಷೇಧಿಸಿದ್ದು ದೊಡ್ಡ ಚರ್ಚೆಯಾಯಿತು. ಬಹುಪಾಲು ಕನ್ನಡಿಗರು ಮನೆಯಲ್ಲಿ ಉಣ್ಣುವುದನ್ನು ಹೆಂಡದ ಪಕ್ಕದಲ್ಲಿ ಇಟ್ಟರೆ ಜನ ಕೇಳದೆ ಇರುತ್ತಾರೆಯೇ? 

ನಾವು ಕರೆದುಕೊಂಡು ಹೋಗುವುದಾದರೆ ಇನ್ನೊಂದು ಕಡೆಗೂ ಹೋಗುತ್ತೇವೆ. ಅಮೀನುದ್ದೀನ್ ಆಲಾ ಅವರ ದರ್ಗಾ. ಮೀರಾಂಜಿ ಶಮ್ಸುಲ್ ಉಶ್ಶಾಖ್, ಅವರ ಮಗ ಬುರ್ಹಾನುದ್ದೀನ್ ಜಾನಮ್, ಅವರ ಮಗ ಅಮೀನುದ್ದೀನ್ ಆಲಾ, ಹೀಗೆ ಮೂರು ತಲೆಮಾರು ಫಾರಸಿಯನ್ನು ಬದಿಗಿಟ್ಟು ಜನರಾಡುವ ದಖನಿಯಲ್ಲಿ ಬರೆದ ಸೂಫಿಗಳು. ಅವರ ಪರಂಪರೆಯಿಂದ ಚಕ್ಕಿನಾಮಾ ಎಂಬ ಪದಗಳು ಹುಟ್ಟಿದವು. ಹೆಂಗಸರು ಬೆಳಗಿನ ಜಾವ ಬೀಸುಕಲ್ಲಿನ ಮುಂದೆ ಕೂತು ಹಾಡಿಕೊಳ್ಳಲಿ ಎಂದು ಕಟ್ಟಿದವು, ಕಲ್ಲಿನ ಗೂಟ, ಮೇಲ್ಗಲ್ಲು, ಹಿಟ್ಟು ಎಲ್ಲಕ್ಕೂ ಒಂದೊಂದು ಒಳಗಿನ ಅರ್ಥ. ಅಮೆರಿಕದ ಇತಿಹಾಸಕಾರ ರಿಚರ್ಡ್ ಈಟನ್ 1978ರಲ್ಲಿ ಬಿಜಾಪುರದ ಸೂಫಿಗಳ ಮೇಲೆ ಬರೆದ ಪುಸ್ತಕದಲ್ಲಿ ಇವುಗಳ ಮಹತ್ವವನ್ನು ತೋರಿಸಿಕೊಟ್ಟರು. ಕನ್ನಡದ ಬೀಸುವ ಪದಗಳ ಮೇಲೆ ಸಮ್ಮೇಳನಗಳಲ್ಲಿ ಎಷ್ಟೋ ಗೋಷ್ಠಿಗಳಾಗಿವೆ. ಅದೇ ಊರಿನ ಅದೇ ಕಲ್ಲಿನ ಇನ್ನೊಂದು ಭಾಷೆಯ ಪದ ಪಕ್ಕದ ಗಲ್ಲಿಯಲ್ಲಿದೆ ಎಂಬುದನ್ನು ಅತಿಥಿಗೆ ಯಾರೂ ಹೇಳುವುದಿಲ್ಲ. ಆದಿಲಶಾಹಿಗಳ ಚಾಕರಿಯಲ್ಲಿದ್ದು ಆಮೇಲೆ ಹರಿದಾಸರಾದ ಕಾಖಂಡಕಿಯ ಮಹಿಪತಿದಾಸರ ಕತೆಯನ್ನೂ ಇಲ್ಲೇ ಸೇರಿಸಬಹುದು. ಇತ್ತೀಚಿನ ವರ್ಷಗಳಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ಹಳಕಟ್ಟಿ ಸಂಶೋಧನ ಕೇಂದ್ರದವರು ಆದಿಲಶಾಹಿ ಕಾಲದ ಫಾರಸಿ, ದಖನಿ ಕೃತಿಗಳನ್ನು ಕನ್ನಡಕ್ಕೆ ತರಿಸಿದ್ದಾರೆ. ವಚನಗಳನ್ನು ಉಳಿಸಿದವರ ಹೆಸರಿನಲ್ಲಿ ಈ ಕೆಲಸ ಆಗಿರುವುದು ನಮಗೆ ಬಹಳ ಹಿತವೆನಿಸಿತು. ಇನ್ನು ಮುಂದೆ ಗೈಡುಗಳಿಗೆ ಪುಸ್ತಕ ಕನ್ನಡದಲ್ಲಿಲ್ಲ ಎಂಬ ನೆಪವಿಲ್ಲ.

ಒಂದೇ ದಿನ ಇರುವವರಿಗೆ ನಾವು ಹೇಳುವುದಿಷ್ಟು. ಗೋಲಗುಮ್ಮಟಕ್ಕೆ ಬೆಳಿಗ್ಗೆ ಬಾಗಿಲು ತೆರೆಯುತ್ತಲೇ ಹೋಗಿರಿ, ಶಾಲೆಯ ಮಕ್ಕಳ ಬಸ್ಸುಗಳು ಬರುವ ಮೊದಲು. ಮೇಲೆ ಹತ್ತಿ ಕೂಗದೆ, ಗೋಡೆಗೆ ಬಾಯಿಟ್ಟು ಮೆಲ್ಲಗೆ ಮಾತಾಡಿರಿ, ಎದುರು ಬದಿಯಲ್ಲಿ ಕಿವಿಯಿಟ್ಟವರಿಗೆ ಸ್ಪಷ್ಟ ಕೇಳುತ್ತದೆ. ಇಳಿದು ಬಂದು ಪಕ್ಕದ ಮಸೀದಿಯ ಅಂಗಳದಲ್ಲಿ ಸ್ವಲ್ಪ ಹೊತ್ತು ಕೂಡಿರಿ. ಅಲ್ಲಿಂದ ಆಸಾರ್ ಮಹಲ್, ಜಾಮಿಯಾ ಮಸೀದಿ. ಬಿಸಿಲೇರುವ ಹೊತ್ತಿಗೆ ಇಬ್ರಾಹಿಂ ರೋಜಾ, ಅದರ ಜಾಲರಿಗಳ ನೆರಳು ನೆಲದ ಮೇಲೆ ಬೀಳುವುದು ಆಗಲೇ. ಊಟವಾದ ಮೇಲೆ ತಾಜ್ ಬಾವಡಿ, ದರ್ಗಾ, ಹೊತ್ತಿಳಿಯುವಾಗ ತೊರವಿಯ ಗುಡಿ, ನವರಸಪುರ. ಊರೊಳಗೆ ಸುತ್ತುವುದಕ್ಕೆ ಟಾಂಗಾ ಹಿಡಿಯಿರಿ, ಉಳಿದಿರುವ ಕೆಲವೇ ಟಾಂಗಾಗಳಿಗೆ ನಾಲ್ಕು ಕಾಸು ಸಿಕ್ಕೀತು. ತೊರವಿಗೆ ಮಾತ್ರ ಬಸ್ಸೋ ಆಟೋವೋ ಮೊದಲೇ ಗೊತ್ತು ಮಾಡಿಟ್ಟುಕೊಳ್ಳಿ, ಕತ್ತಲಾದ ಮೇಲೆ ಆ ಕಡೆಯಿಂದ ಮರಳುವುದಕ್ಕೆ ಏನೂ ಸಿಗುವುದಿಲ್ಲ.